ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಮಾರ್ಗ ತೋರಿದ ಡಾ. ವಿಲಿಯಂ ಸ್ಮಿತ್ ಟಿಲೆಟ್ (1892–1974)

ಹೃದಯಾಘಾತಕ್ಕೆ ಒಳಗಾದ ರೋಗಿಗೆ ತಾಲ್ಲೂಕು ಮಟ್ಟದ ಸರ್ಕಾರಿ ಆಸ್ಪತ್ರೆಯಲ್ಲಿಯೇ ರಕ್ತದ ಹೆಪ್ಪನ್ನು ಕರಗಿಸುವ ಚುಚ್ಚುಮದ್ದನ್ನು ನೀಡುವ ಯೋಜನೆಯನ್ನು ರಾಜ್ಯದಲ್ಲಿ ಜಾರಿಗೆ ತರಲಾಗಿದೆ. ಈ ಚಿಕಿತ್ಸೆಗೆ ಮೂಲವಾದ ಸಂಶೋಧನೆಯನ್ನು ಕೈಗೊಂಡ ಸುಪ್ರಸಿದ್ಧ ವೈದ್ಯ ವಿಜ್ಞಾನಿ ಡಾ. ಟಿಲೆಟ್ ಅವರ ಸಂಕ್ಷಿಪ್ತ ಜೀವನ ಪರಿಚಯವನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ನೀಡಲಾಗಿದೆ.

ಜನನ ಮತ್ತು ವೃತ್ತಿಜೀವನ

ಟಿಲೆಟ್ ಅವರು 1892ರಲ್ಲಿ ಅಮೆರಿಕದ ಉತ್ತರ ಕೆರೊಲಿನಾ ರಾಜ್ಯದ ಷಾರ್ಲಟ್ ನಗರದಲ್ಲಿ ಜನಿಸಿದರು. ಬಾಲ್ಟಿಮೋರ್‌ನ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದಿಂದ 1917ರಲ್ಲಿ ವೈದ್ಯಕೀಯ ಪದವಿ ಪಡೆದರು. ನಂತರ ನ್ಯೂಯಾರ್ಕ್‌ನ ರಾಕ್‌ಫೆಲರ್ ಸಂಸ್ಥೆಯಲ್ಲಿ ನ್ಯುಮೋನಿಯಾ ಕುರಿತು ಸಂಶೋಧನೆ ನಡೆಸಿದರು. ಅಲ್ಲಿ ಥಾಮಸ್ ಫ್ರಾನ್ಸಿಸ್ ಅವರೊಡನೆ 1930ರಲ್ಲಿ ಪ್ರಕಟಿಸಿದ ಸಂಶೋಧನೆಯಿಂದ, ಇಂದು ರಕ್ತ ಪರೀಕ್ಷೆಯಲ್ಲಿ ಸಿ.ಆರ್.ಪಿ. ಎಂದು ಕರೆಯಲಾಗುವ ಅಂಶವು ಬೆಳಕಿಗೆ ಬಂದಿತು.

ಮಹತ್ವದ ಸಂಶೋಧನೆ

ಸ್ಟ್ರೆಪ್ಟೋಕಾಕಸ್ ಎಂಬ ರೋಗಾಣುವನ್ನು ರಕ್ತದ ಪ್ಲಾಸ್ಮಾದೊಂದಿಗೆ ಬೆರೆಸಿದರೆ ಅದು ಹೆಪ್ಪುಗಟ್ಟಲಾರದು ಎಂದು ಟಿಲೆಟ್ ಅವರು ಊಹಿಸಿದ್ದರು. ಆದರೆ ಪ್ರಯೋಗದಲ್ಲಿ ಎಲ್ಲ ನಳಿಕೆಗಳಲ್ಲಿಯೂ ಪ್ಲಾಸ್ಮಾ ಹೆಪ್ಪುಗಟ್ಟಿತು, ಊಹೆ ಸುಳ್ಳಾಯಿತು. ಕೆಲ ಸಮಯದ ನಂತರ ಮತ್ತೆ ಪರಿಶೀಲಿಸಿದಾಗ, ರೋಗಾಣು ಬೆರೆಸಿದ್ದ ನಳಿಕೆಯಲ್ಲಿನ ಹೆಪ್ಪು ಮಾತ್ರ ಕರಗಿ ನೀರಾಗಿತ್ತು. ವಿಫಲವೆಂದು ತೋರಿದ ಪ್ರಯೋಗವನ್ನು ಅವರು ಕೈಬಿಡದೆ ಮುಂದುವರಿಸಿ, ರೋಗಾಣುವು ಹೊರಸೂಸುವ ವಸ್ತುವೇ ಇದಕ್ಕೆ ಕಾರಣವೆಂದು ಗಾರ್ನರ್ ಅವರೊಡನೆ 1933ರಲ್ಲಿ ಪ್ರಕಟಿಸಿದರು. ಮುಂದೆ ಇದಕ್ಕೆ ಸ್ಟ್ರೆಪ್ಟೋಕೈನೇಸ್ ಎಂಬ ಹೆಸರು ಬಂದಿತು.

ತರುವಾಯ ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದ ಅವರು, ಸೋಲ್ ಷೆರಿ ಅವರೊಂದಿಗೆ ಶ್ವಾಸಕೋಶದ ಸುತ್ತ ಕೀವು ಅಥವಾ ರಕ್ತ ಗಟ್ಟಿಯಾದ ರೋಗಿಗಳಿಗೆ ಈ ವಸ್ತುವನ್ನು ನೀಡಿ, 1949ರಲ್ಲಿ ಫಲಿತಾಂಶ ಪ್ರಕಟಿಸಿದರು. ಅದೇ ವರ್ಷ ಅವರಿಗೆ ಪ್ರತಿಷ್ಠಿತ ಲಾಸ್ಕರ್ ಪ್ರಶಸ್ತಿ ಲಭಿಸಿತು. 1958ರಲ್ಲಿ ಷೆರಿ ಮತ್ತು ಸಂಗಡಿಗರು ಇದೇ ಔಷಧಿಯನ್ನು ಹೃದಯಾಘಾತದ ರೋಗಿಗಳಿಗೆ ರಕ್ತನಾಳದ ಮೂಲಕ ನೀಡಿದರು.

ನಿಧನಾನಂತರದ ಮನ್ನಣೆ

ಟಿಲೆಟ್ ಅವರು 1974ರಲ್ಲಿ ನಿಧನರಾದರು. ಹೃದಯಾಘಾತದಲ್ಲಿ ಈ ಔಷಧಿಯ ಪ್ರಯೋಜನವು ಆಗ ಇನ್ನೂ ಖಚಿತವಾಗಿರಲಿಲ್ಲ. 12 ವರ್ಷಗಳ ನಂತರ, 1986ರಲ್ಲಿ, ಇಟಲಿಯಲ್ಲಿ 11,000ಕ್ಕೂ ಅಧಿಕ ರೋಗಿಗಳ ಮೇಲೆ ನಡೆದ ಅಧ್ಯಯನದ ಫಲಿತಾಂಶವು ಪ್ರಕಟವಾಯಿತು. 21 ದಿನಗಳಲ್ಲಿ ಮರಣ ಪ್ರಮಾಣವು ಶೇ. 13ರಿಂದ ಶೇ. 10.7ಕ್ಕೆ ಇಳಿದಿತ್ತು. ನೋವು ಆರಂಭವಾದ ಒಂದು ಗಂಟೆಯೊಳಗೆ ಔಷಧಿ ಪಡೆದವರಲ್ಲಿ ಮರಣವು ಸುಮಾರು ಅರ್ಧದಷ್ಟು ಕಡಿಮೆಯಾಗಿತ್ತು.

ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ತಾಲ್ಲೂಕುಗಳ ನಾಗರಿಕರ ಗಮನಕ್ಕೆ

ಗೋಕಾಕದಿಂದ ಜಿಲ್ಲಾ ಕೇಂದ್ರವಾದ ಬೆಳಗಾವಿಯನ್ನು ತಲುಪಲು ಒಂದು ಗಂಟೆಗೂ ಹೆಚ್ಚು ಕಾಲ ಬೇಕಾಗುತ್ತದೆ. ಮೂಡಲಗಿಯು ಇನ್ನೂ ದೂರದಲ್ಲಿದೆ. ಹೃದಯದ ರಕ್ತನಾಳವು ಮುಚ್ಚಿದಾಗ ಅದರ ಸ್ನಾಯುವು ನಿಮಿಷ ನಿಮಿಷಕ್ಕೂ ನಾಶವಾಗುತ್ತಾ ಹೋಗುವುದರಿಂದ, ಪ್ರಯಾಣದಲ್ಲಿಯೇ ಅಮೂಲ್ಯ ಸಮಯ ಕಳೆಯುವ ಸಂಭವವಿರುತ್ತದೆ. ಇದನ್ನು ತಪ್ಪಿಸುವ ಸಲುವಾಗಿ, 2021ರ ಅಕ್ಟೋಬರ್ 29ರಂದು ಅಕಾಲಿಕವಾಗಿ ನಿಧನರಾದ ನಟ ಪುನೀತ್ ರಾಜ್‌ಕುಮಾರ್ ಅವರ ಹೆಸರಿನಲ್ಲಿ ರಾಜ್ಯ ಸರ್ಕಾರವು ಹೃದಯ ಜ್ಯೋತಿ ಯೋಜನೆಯನ್ನು 2023-24ನೇ ಸಾಲಿನಲ್ಲಿ ಆರಂಭಿಸಿತು. ಯೋಜನೆಯನ್ವಯ ತಾಲ್ಲೂಕು ಮತ್ತು ಜಿಲ್ಲಾ ಆಸ್ಪತ್ರೆಗಳಲ್ಲಿ ಇ.ಸಿ.ಜಿ. ಪರೀಕ್ಷೆ ಮಾಡಿ, ದೂರದ ಹೃದ್ರೋಗ ತಜ್ಞರ ಸಲಹೆ ಪಡೆದು, ಅಗತ್ಯವಿದ್ದಲ್ಲಿ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ನೀಡಿ, ನಂತರ ಹೆಚ್ಚಿನ ಚಿಕಿತ್ಸೆಗಾಗಿ ದೊಡ್ಡ ಆಸ್ಪತ್ರೆಗೆ ಕಳುಹಿಸಲಾಗುತ್ತದೆ. ಟಿಲೆಟ್ ಅವರು ಕಂಡುಹಿಡಿದ ತತ್ವವನ್ನೇ ಮುಂದುವರಿಸಿದ ಸುಧಾರಿತ ಔಷಧಿ ಇದಾಗಿದೆ. ರಕ್ತಸ್ರಾವದ ಅಪಾಯವಿರುವವರಿಗೆ ಇದು ಸೂಕ್ತವಲ್ಲವಾದ್ದರಿಂದ, ನೀಡುವ ಬಗ್ಗೆ ವೈದ್ಯರೇ ನಿರ್ಧರಿಸುತ್ತಾರೆ.

ಎದೆಯಲ್ಲಿ ಒತ್ತಿದಂತಹ ನೋವು, ಎಡಗೈ ಅಥವಾ ದವಡೆಗೆ ಹರಡುವ ನೋವು, ವಿಪರೀತ ಬೆವರು, ಉಸಿರಾಟದ ತೊಂದರೆ ಕಂಡುಬಂದಲ್ಲಿ, ಅದನ್ನು ವಾಯುನೋವೆಂದು ಭಾವಿಸಿ ಬೆಳಗಾಗುವವರೆಗೆ ಕಾಯಬಾರದು. ಕೂಡಲೇ ಉಚಿತ ದೂರವಾಣಿ ಸಂಖ್ಯೆ 108ಕ್ಕೆ ಕರೆ ಮಾಡಿ, ಇ.ಸಿ.ಜಿ. ಸೌಲಭ್ಯವಿರುವ ಸಮೀಪದ ಆಸ್ಪತ್ರೆಗೆ ತೆರಳಬೇಕು. ನೋವು ಆರಂಭವಾದ ಸಮಯವನ್ನೂ, ರೋಗಿಯು ಸೇವಿಸುತ್ತಿರುವ ಔಷಧಿಗಳನ್ನೂ ವೈದ್ಯರಿಗೆ ತಪ್ಪದೇ ತಿಳಿಸಬೇಕೆಂದು ಸಾರ್ವಜನಿಕರಲ್ಲಿ ಕೋರಲಾಗಿದೆ.