ಪಟ್ಟಿಯಲ್ಲಿ ಹೆಣ್ಣಿನ ಹೆಸರು: ಕಮಲಾದೇವಿ ಚಟ್ಟೋಪಾಧ್ಯಾಯರ ಬದುಕಿನ ಒಂದು ಮುಖ

ಮತದಾರರ ಪಟ್ಟಿಯ ಪರಿಷ್ಕರಣೆ ಬಂದಾಗ ಶಾಲಾ ಶಿಕ್ಷಕರಾದ ನಾವು ಮನೆ ಮನೆಗೆ ಹೋಗುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ನುಗ್ಗೇಹಳ್ಳಿಯ ಬೀದಿಗಳಲ್ಲಿ ಬಾಗಿಲು ತಟ್ಟಿ ಹೆಸರು ಕೇಳಿದರೆ ಇಂದಿಗೂ ಕೆಲವು ತಾಯಂದಿರು ತಮ್ಮ ಹೆಸರಿನ ಬದಲು ಯಜಮಾನರ ಹೆಸರನ್ನೋ ಹಿರಿಯ ಮಗನ ಹೆಸರನ್ನೋ ಹೇಳಿ ಸುಮ್ಮನಾಗುತ್ತಾರೆ. ಎರಡನೆಯ ಸಲ ಕೇಳಿದ ಮೇಲೆ, ಸ್ವಲ್ಪ ನಾಚಿಕೊಂಡು, ತಮ್ಮ ಸ್ವಂತ ಹೆಸರು ಹೇಳುತ್ತಾರೆ. ಆ ಹೆಸರನ್ನು ಬರೆದುಕೊಳ್ಳುವಾಗಲೆಲ್ಲ ನನಗೆ ಮಂಗಳೂರಿನ ಒಬ್ಬ ಹೆಣ್ಣುಮಗಳ ನೆನಪಾಗುತ್ತದೆ. ಕರಕುಶಲ ಕಲೆಗಳ ರಕ್ಷಕಿಯೆಂದು ನಮ್ಮ ಪಠ್ಯಪುಸ್ತಕಗಳು ಪರಿಚಯಿಸುವ ಕಮಲಾದೇವಿ ಚಟ್ಟೋಪಾಧ್ಯಾಯರೇ ಅವರು. ಅವರ ಜೀವನದಲ್ಲಿ ಮತದಾನದ ಹಕ್ಕಿಗೆ ಸಂಬಂಧಿಸಿದ ಅಧ್ಯಾಯವನ್ನು ನಮ್ಮ ವಿದ್ಯಾರ್ಥಿಗಳು, ವಿಶೇಷವಾಗಿ ವಿದ್ಯಾರ್ಥಿನಿಯರು, ಅಷ್ಟಾಗಿ ತಿಳಿದಿಲ್ಲ.

ಕಮಲಾದೇವಿಯವರು 1903ರ ಏಪ್ರಿಲ್ 3ರಂದು ಮಂಗಳೂರಿನ ಸಾರಸ್ವತ ಕುಟುಂಬವೊಂದರಲ್ಲಿ ಜನಿಸಿದರು. ತಂದೆ ಅನಂತಯ್ಯ ಧಾರೇಶ್ವರ್ ಸರ್ಕಾರಿ ಅಧಿಕಾರಿ. ತಾಯಿ ಗಿರಿಜಾಬಾಯಿ ಓದಿನಲ್ಲಿ ಆಸಕ್ತಿಯುಳ್ಳ ದಿಟ್ಟ ಮಹಿಳೆ. ಮಗಳು ಇನ್ನೂ ಚಿಕ್ಕವಳಿರುವಾಗಲೇ ತಂದೆ ಉಯಿಲು ಬರೆಯದೆ ತೀರಿಕೊಂಡರು. ಅಂದಿನ ಕಾನೂನಿನಂತೆ ಆಸ್ತಿಯೆಲ್ಲ ಮೊದಲ ಹೆಂಡತಿಯ ಮಗನ ಪಾಲಾಯಿತು. ಇದ್ದ ಮನೆಯಲ್ಲೇ ತಾಯಿ-ಮಗಳು ಹಕ್ಕಿಲ್ಲದವರಾದರು. ಓದುಗರು ಈ ಸಂಗತಿಯನ್ನು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಮತದಾನದ ವಿಚಾರಕ್ಕೆ ಇದು ಬೇಕಾಗುತ್ತದೆ.

ಬಾಲ್ಯವಿವಾಹ, ಹದಿಹರೆಯದಲ್ಲೇ ವೈಧವ್ಯ, ಮದ್ರಾಸಿನ ಕ್ವೀನ್ ಮೇರೀಸ್ ಕಾಲೇಜಿನಲ್ಲಿ ಓದು, ಅಲ್ಲಿ ಸರೋಜಿನಿ ನಾಯ್ಡು ಅವರ ತಮ್ಮ, ಕವಿ ಹರೀಂದ್ರನಾಥರ ಪರಿಚಯ ಮತ್ತು ಅವರೊಡನೆ ಮರುಮದುವೆ. ಇವೆಲ್ಲವೂ ಇಪ್ಪತ್ತು ವರ್ಷ ತುಂಬುವಷ್ಟರಲ್ಲಿ ನಡೆದುಹೋದವು. ವಿಧವೆಯ ಮರುಮದುವೆ, ಅದೂ ಬೇರೆ ಪ್ರಾಂತ್ಯದವರೊಡನೆ, ಆ ಕಾಲದಲ್ಲಿ ಎಷ್ಟು ಟೀಕೆಗೆ ಗುರಿಯಾಗಿರಬೇಕೆಂದು ಬಿಡಿಸಿ ಹೇಳಬೇಕಾಗಿಲ್ಲ.

ಮಹಿಳೆಯರಿಗೆ ಮತದಾನದ ಹಕ್ಕು ಬೇಕೆಂಬ ಬೇಡಿಕೆ ಅದಕ್ಕೂ ಮೊದಲೇ ಎದ್ದಿತ್ತು. 1917ರ ಡಿಸೆಂಬರಿನಲ್ಲಿ ಭಾರತ ಮಂತ್ರಿ ಮಾಂಟೆಗು ಮದ್ರಾಸಿಗೆ ಬಂದಾಗ ಸರೋಜಿನಿ ನಾಯ್ಡು ಅವರ ನೇತೃತ್ವದಲ್ಲಿ ಮಹಿಳೆಯರ ನಿಯೋಗವೊಂದು ಅವರನ್ನು ಕಂಡಿತು. ಐರ್ಲೆಂಡಿನಿಂದ ಬಂದು ಇಲ್ಲೇ ನೆಲೆಸಿದ್ದ ಮಾರ್ಗರೆಟ್ ಕಸಿನ್ಸ್ ಆ ನಿಯೋಗದ ಹಿಂದಿನ ಶಕ್ತಿ. ನಮ್ಮ ಉರ್ದು ತರಗತಿಯ ಮಕ್ಕಳು ಓದುವ ಕವಿ ಹಸ್ರತ್ ಮೊಹಾನಿಯವರ ಪತ್ನಿ ಬೇಗಂ ಹಸ್ರತ್ ಮೊಹಾನಿಯವರೂ ಅದರಲ್ಲಿದ್ದರು. ಕವಿಯ ಗಜಲುಗಳನ್ನು ಬಾಯಿಪಾಠ ಮಾಡಿಸುವ ನಾವು ಬೇಗಂ ಸಾಹೇಬರ ಹೆಸರನ್ನು ತರಗತಿಯಲ್ಲಿ ಎತ್ತುವುದೇ ಇಲ್ಲ.

1919ರ ಕಾಯಿದೆ ಈ ವಿಷಯದ ತೀರ್ಮಾನವನ್ನು ಪ್ರಾಂತ್ಯಗಳಿಗೆ ಬಿಟ್ಟಿತು. ದಕ್ಷಿಣ ಕನ್ನಡವೂ ಸೇರಿದ್ದ ಮದ್ರಾಸ್ ಪ್ರಾಂತ್ಯ 1921ರಲ್ಲಿ ಮಹಿಳೆಯರಿಗೆ ಮತ ಕೊಟ್ಟಿತು. ಆದರೆ ಗಂಡಸರಿಗಿದ್ದಂತೆ ಅವರಿಗೂ ಆಸ್ತಿ ಮತ್ತು ತೆರಿಗೆಯ ಅರ್ಹತೆ ಇತ್ತು. ಹೆಂಗಸರ ಹೆಸರಿನಲ್ಲಿ ಆಸ್ತಿ ಎಲ್ಲಿತ್ತು? ಗಿರಿಜಾಬಾಯಿಯವರಂತೆ ಗಂಡ ಸತ್ತ ದಿನವೇ ಆಸ್ತಿಯ ಹಕ್ಕು ಕಳೆದುಕೊಂಡವರು ಪಟ್ಟಿಯಲ್ಲಿ ಬರುವ ಬಗೆಯಾದರೂ ಹೇಗೆ? ಕಾಗದದ ಮೇಲೆ ಹಕ್ಕು ಬಂತು, ಪಟ್ಟಿಯಲ್ಲಿ ಹೆಸರು ಬರಲಿಲ್ಲ.

1926ರಲ್ಲಿ ಮಹಿಳೆಯರು ಶಾಸನ ಪರಿಷತ್ತಿಗೆ ಸ್ಪರ್ಧಿಸಲು ಅನುಮತಿ ದೊರೆಯಿತು. ಅವಕಾಶ ಸಿಕ್ಕಿದರೂ ನಿಲ್ಲುವವರು ಬೇಕಲ್ಲ! ಹಿಂದೆ ಮಂಗಳೂರಿನ ರಾಷ್ಟ್ರೀಯ ಬಾಲಿಕಾ ಶಾಲೆಯ ಮುಖ್ಯಸ್ಥೆಯಾಗಿದ್ದ ಮಾರ್ಗರೆಟ್ ಕಸಿನ್ಸ್ ಅವರು ಇಪ್ಪತ್ತಮೂರರ ಕಮಲಾದೇವಿಯವರನ್ನು ಒತ್ತಾಯಿಸಿ ಒಪ್ಪಿಸಿದರು. ಕಮಲಾದೇವಿ ಪಕ್ಷೇತರರಾಗಿ ನಿಂತರು. ಪಕ್ಷದ ಬಲವಿಲ್ಲ, ಹಣವಿಲ್ಲ, ಪ್ರಚಾರಕ್ಕೆ ದೊರೆತದ್ದು ಅತ್ಯಲ್ಪ ಕಾಲ. ಮತ ಕೊಡಬೇಕಾದವರಲ್ಲಿ ಬಹುಪಾಲು ಗಂಡಸರು, ಆಸ್ತಿವಂತರು. ಇಷ್ಟಾದರೂ ಅವರು ಸೋತದ್ದು ಬಹಳ ಕಡಿಮೆ ಮತಗಳ ಅಂತರದಿಂದ. ಗೆದ್ದಿದ್ದರೆ ಅವರ ಹಾದಿ ಬೇರೆಯಾಗುತ್ತಿತ್ತೋ ಏನೋ. ನನ್ನ ಅಭಿಪ್ರಾಯದಲ್ಲಿ ಆ ಸೋಲೇ ಅವರನ್ನು ಊರೂರು ತಿರುಗುವ ಸಂಘಟಕಿಯನ್ನಾಗಿ ಮಾಡಿತು.

ಮರುವರ್ಷ, ಅಂದರೆ 1927ರ ಜನವರಿಯಲ್ಲಿ, ಪುಣೆಯಲ್ಲಿ ಅಖಿಲ ಭಾರತ ಮಹಿಳಾ ಸಮ್ಮೇಳನ ಸೇರಿತು. ಇದರ ಮೊದಲ ಉದ್ದೇಶ ಹೆಣ್ಣುಮಕ್ಕಳ ಶಿಕ್ಷಣ. ಕಮಲಾದೇವಿ ಇದರ ಸಂಘಟನಾ ಕಾರ್ಯದರ್ಶಿಯಾದರು. 1928ರಲ್ಲಿ ದೆಹಲಿಯ ಅಧಿವೇಶನದ ಅಧ್ಯಕ್ಷತೆ ವಹಿಸಿದವರು ಭೋಪಾಲದ ಬೇಗಂ ಸುಲ್ತಾನ್ ಜಹಾನ್. ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯದ ಮೊದಲ ಕುಲಪತಿಗಳೂ ಇವರೇ ಎಂಬುದು ನಮ್ಮ ಸಂಸ್ಥೆಯ ಸದಸ್ಯರಿಗೆ ತಿಳಿದ ವಿಷಯ. ಶಿಕ್ಷಣದ ಮಾತಿನಿಂದ ಆರಂಭವಾದ ಈ ಸಂಸ್ಥೆ ಬಾಲ್ಯವಿವಾಹದ ವಯಸ್ಸು, ಆಸ್ತಿ ಹಕ್ಕು, ಮತದಾನ ಎಂದು ಒಂದೊಂದಾಗಿ ಕೈಗೆತ್ತಿಕೊಳ್ಳಬೇಕಾಯಿತು. ಹನ್ನೆರಡಕ್ಕೆ ಮದುವೆಯಾದ ಹುಡುಗಿ ಶಾಲೆಯಲ್ಲಿ ಉಳಿಯುವುದಿಲ್ಲ. ಓದು, ಆಸ್ತಿ ಎರಡೂ ಇಲ್ಲದವಳು ಮತದಾರಳಾಗುವುದಿಲ್ಲ. ಮತವಿಲ್ಲದವಳ ಮಾತನ್ನು ಶಾಲೆ ಕಟ್ಟುವವರು ಕೇಳುವುದಿಲ್ಲ. ಈ ಗಂಟನ್ನು ಯಾವ ತುದಿಯಿಂದ ಬಿಡಿಸಲು ಹೋದರೂ ಇನ್ನೊಂದು ತುದಿ ಬಿಗಿಯುತ್ತಿತ್ತು.

ಪರಿಹಾರದ ಬಗ್ಗೆ ಮಹಿಳೆಯರಲ್ಲೇ ಭಿನ್ನಾಭಿಪ್ರಾಯವಿತ್ತು. 1930ರ ದುಂಡುಮೇಜಿನ ಪರಿಷತ್ತಿಗೆ ಹೋದ ಬೇಗಂ ಶಾಹ್ ನವಾಜ್ ಮತ್ತು ಶ್ರೀಮತಿ ಸುಬ್ಬರಾಯನ್ ಅವರು ಸದ್ಯಕ್ಕೆ ಮಹಿಳೆಯರಿಗೆ ವಿಶೇಷ ಅರ್ಹತೆಯ ಮತವಾದರೂ ಸಿಗಲಿ ಎಂಬ ನಿಲುವು ತಳೆದರು. ಮಹಿಳಾ ಸಂಸ್ಥೆಗಳು ಇದನ್ನು ಒಪ್ಪಲಿಲ್ಲ. ಕಮಲಾದೇವಿಯವರ ನಿಲುವೂ ವಯಸ್ಕರೆಲ್ಲರಿಗೂ ಸಮಾನ ಮತ ಎಂಬುದೇ ಆಗಿತ್ತು. 1933ರಲ್ಲಿ ಲಂಡನ್ನಿನ ಜಂಟಿ ಸಮಿತಿಯ ಮುಂದೆ ರಾಜಕುಮಾರಿ ಅಮೃತ್ ಕೌರ್, ಡಾ. ಮುತ್ತುಲಕ್ಷ್ಮಿ ರೆಡ್ಡಿ ಹಾಗೂ ಬೇಗಂ ಶರೀಫಾ ಹಮೀದ್ ಅಲಿ ಮಹಿಳಾ ಸಂಸ್ಥೆಗಳ ಪರವಾಗಿ ಸಾಕ್ಷ್ಯ ನುಡಿದರು. ಆದರೂ 1935ರ ಕಾಯಿದೆ ಕೊಟ್ಟದ್ದು ಅರ್ಧಂಬರ್ಧ. ಆಸ್ತಿ ಇರಬೇಕು, ಇಲ್ಲವೇ ಓದು ಬರಹ ಬರಬೇಕು, ಇಲ್ಲವೇ ಆಸ್ತಿವಂತನ ಹೆಂಡತಿಯಾಗಿರಬೇಕು. ಸುಮಾರು 60 ಲಕ್ಷ ಮಹಿಳೆಯರು ಮತದಾರರಾದರು. ಗಂಡನ ಆಸ್ತಿಯ ನೆರಳಿನಲ್ಲಿ ಬಂದ ಮತ ಯಾರದು ಎಂಬ ಪ್ರಶ್ನೆ ಹಾಗೆಯೇ ಉಳಿಯಿತು.

ಈ ನಡುವೆ ಕಮಲಾದೇವಿ 1930ರ ಉಪ್ಪಿನ ಸತ್ಯಾಗ್ರಹದಲ್ಲಿ ಬೊಂಬಾಯಿಯಲ್ಲಿ ಉಪ್ಪು ಮಾರಿ ಸೆರೆಮನೆ ಸೇರಿದ್ದರು. ಮಹಿಳೆಯರನ್ನು ಆ ಹೋರಾಟಕ್ಕೆ ಸೇರಿಸಿಕೊಳ್ಳಲು ಮೊದಲು ಹಿಂಜರಿದಿದ್ದ ಗಾಂಧೀಜಿಯವರನ್ನು ಒಪ್ಪಿಸಿದವರಲ್ಲಿ ಇವರೂ ಒಬ್ಬರು.

ಇನ್ನು ಅವರ ಅಮೆರಿಕ ಪ್ರವಾಸ. 1939ರ ಕೊನೆಯಿಂದ 1941ರವರೆಗೆ ಅವರು ಆ ದೇಶದಲ್ಲಿ ಸಂಚರಿಸಿದರು. ದಕ್ಷಿಣದ ರಾಜ್ಯಗಳಲ್ಲಿ ಕರಿಯರಿಗೆ ರೈಲಿನಲ್ಲಿ ಬೇರೆ ಡಬ್ಬಿ. ಮತದ ಹಕ್ಕು 1870ರ ಸಂವಿಧಾನ ತಿದ್ದುಪಡಿಯಲ್ಲೇ ಬಂದಿದ್ದರೂ ತಲೆಗಂದಾಯ ಮತ್ತು ಓದುಬರಹದ ಪರೀಕ್ಷೆ ಎಂಬ ಎರಡು ಅಗುಳಿ ಹಾಕಿ ನೋಂದಣಿಯ ಬಾಗಿಲನ್ನು ಮುಚ್ಚಿದ್ದರು. ಲೂಯಿಸಿಯಾನಾದಲ್ಲಿ ರೈಲು ಪ್ರಯಾಣ ಮಾಡುತ್ತಿದ್ದ ಕಮಲಾದೇವಿಯವರನ್ನು ಟಿಕೆಟ್ ತಪಾಸಣೆಯವನು ಬಿಳಿಯರ ಡಬ್ಬಿಯಿಂದ ಏಳಲು ಹೇಳಿದ. ಅವರು ಕದಲಲಿಲ್ಲ. ಹೊರದೇಶದವರೆಂದು ಗೊತ್ತಾದ ಮೇಲೆ ಅವನಿಗೂ ಒಂದು ದಾರಿ ಸಿಕ್ಕಿತು, ವಿದೇಶಿಯೆಂದು ಬಿಟ್ಟುಬಿಡಬಹುದಿತ್ತು. ಆ ರಿಯಾಯಿತಿಯನ್ನು ಕಮಲಾದೇವಿ ಸ್ವೀಕರಿಸಲಿಲ್ಲ. ತಾನೂ ಬಣ್ಣದವಳೇ, ಆದರೂ ಏಳುವುದಿಲ್ಲ ಎಂದು ತಿಳಿಸಿ ಕುಳಿತೇ ಇದ್ದರು. ಅವನು ಹೊರಟುಹೋದ. ಆಸ್ತಿಯ ನೆಪದಲ್ಲಿ ನಮ್ಮ ಹೆಂಗಸರನ್ನು ಪಟ್ಟಿಯಿಂದ ಹೊರಗಿಟ್ಟದ್ದನ್ನು ಕಂಡವರಿಗೆ, ಓದಿನ ನೆಪದಲ್ಲಿ ಕರಿಯರನ್ನು ಹೊರಗಿಟ್ಟದ್ದು ಅರ್ಥವಾಗಲು ತಡವಾಗಲಾರದು.

ಇದೇ ಅಮೆರಿಕದಲ್ಲಿ ಮುಂದೆ ಒಬ್ಬ ಶಾಲಾ ಶಿಕ್ಷಕಿ ಆ ಅಗುಳಿಯನ್ನು ತೆಗೆಯಲು ಹೊರಟರು. ಹೆಸರು ಸೆಪ್ಟಿಮಾ ಕ್ಲಾರ್ಕ್. ಕರಿಯರ ಹಕ್ಕುಗಳ ಸಂಘದ ಸದಸ್ಯತ್ವ ಬಿಡಲೊಪ್ಪದ ಕಾರಣ 1956ರಲ್ಲಿ ಕೆಲಸ ಕಳೆದುಕೊಂಡವರು. ಅವರ ಮತ್ತು ಸಂಗಡಿಗರ ಪ್ರಯತ್ನದಿಂದ 1957ರಲ್ಲಿ ದಕ್ಷಿಣ ಕೆರೊಲಿನಾದ ಜಾನ್ಸ್ ದ್ವೀಪದ ಒಂದು ಕಿರಾಣಿ ಅಂಗಡಿಯ ಹಿಂಬದಿಯ ಕೋಣೆಯಲ್ಲಿ ವಯಸ್ಕರ ರಾತ್ರಿಶಾಲೆ ಆರಂಭವಾಯಿತು. ಪಾಠ ಹೇಳಿದವರು ಬರ್ನಿಸ್ ರಾಬಿನ್ಸನ್, ಕೇಶಾಲಂಕಾರ ಅವರ ವೃತ್ತಿ. ಕಲಿಸಿದ್ದು ತಮ್ಮ ಹೆಸರು ಬರೆಯುವುದು, ಮನಿಯಾರ್ಡರ್ ತುಂಬುವುದು, ಮತದಾರರ ನೋಂದಣಿ ಅರ್ಜಿ ಓದುವುದು. ಇಂತಹ ಪೌರತ್ವ ಶಾಲೆಗಳು ದಕ್ಷಿಣದ ರಾಜ್ಯಗಳಲ್ಲೆಲ್ಲ ಹರಡಿದವು. 1965ರಲ್ಲಿ ಮತದಾನ ಹಕ್ಕು ಕಾಯಿದೆ ಬಂದು ಓದುಬರಹದ ಪರೀಕ್ಷೆಗಳಿಗೆ ತಡೆಬಿತ್ತು.

ನಮ್ಮಲ್ಲಿ ಸಂವಿಧಾನ ಆ ಪರೀಕ್ಷೆಯನ್ನೇ ಇಡಲಿಲ್ಲ. 1951-52ರ ಮೊದಲ ಮಹಾಚುನಾವಣೆಯಲ್ಲಿ 17 ಕೋಟಿಗೂ ಹೆಚ್ಚು ಮತದಾರರಿದ್ದರು. ಬಹುಪಾಲು ಮಂದಿಗೆ ಅಕ್ಷರ ಬಾರದ್ದರಿಂದ ಪೆಟ್ಟಿಗೆಗಳ ಮೇಲೆ ಚಿಹ್ನೆ ಅಂಟಿಸಿದ್ದರು. ಆಸ್ತಿ ಬೇಡ, ಓದು ಬೇಡ, ಗಂಡನ ಹೆಸರೂ ಬೇಡ. ಆದರೆ ಸ್ವಂತ ಹೆಸರು ಬೇಕೇ ಬೇಕಿತ್ತು. ಇಂಥವನ ಹೆಂಡತಿ, ಇಂಥವನ ಮಗಳು ಎಂದಷ್ಟೇ ಬರೆಸಿದವರನ್ನು ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಅವರು ಪಟ್ಟಿಗೆ ಸೇರಿಸಲು ಒಪ್ಪಲಿಲ್ಲ. ಹೆಸರು ತಿಳಿಸಲು ಅವಧಿ ಕೊಟ್ಟ ಮೇಲೂ, ಹೆಚ್ಚಾಗಿ ಉತ್ತರದ ರಾಜ್ಯಗಳಲ್ಲಿ, ಸುಮಾರು 28 ಲಕ್ಷ ಮಹಿಳೆಯರು ಹೊರಗುಳಿದರು. ಕಠಿಣವೆನಿಸಿದರೂ ಆ ನಿರ್ಧಾರ ಸರಿಯೆಂದೇ ನನಗೆ ತೋರುತ್ತದೆ. ಮುಂದಿನ ಚುನಾವಣೆಗೆ ಅವರಲ್ಲಿ ಬಹಳ ಮಂದಿ ಹೆಸರು ಹೇಳಿದರು.

ಆ ವೇಳೆಗೆ ಕಮಲಾದೇವಿ ಪಕ್ಷ ರಾಜಕೀಯದಿಂದ ದೂರ ಸರಿದಿದ್ದರು. ದೇಶ ವಿಭಜನೆಯ ನಿರಾಶ್ರಿತರಿಗಾಗಿ ಸಹಕಾರ ಸಂಘ, 1952ರಿಂದ ಅಖಿಲ ಭಾರತ ಕರಕುಶಲ ಮಂಡಳಿಯ ಅಧ್ಯಕ್ಷತೆ, 1966ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ, 1987ರಲ್ಲಿ ಪದ್ಮವಿಭೂಷಣ. ಈ ಭಾಗ ಪಠ್ಯಪುಸ್ತಕದಲ್ಲಿರುವುದರಿಂದ ಇಲ್ಲಿ ಬೆಳೆಸುವುದಿಲ್ಲ. ಸೆಪ್ಟಿಮಾ ಕ್ಲಾರ್ಕ್ 1987ರ ಡಿಸೆಂಬರಿನಲ್ಲಿ ತೀರಿಕೊಂಡರು, ಕಮಲಾದೇವಿ 1988ರ ಅಕ್ಟೋಬರ್ 29ರಂದು. ಅದಾದ ಎರಡು ತಿಂಗಳೊಳಗೆ, ಡಿಸೆಂಬರಿನಲ್ಲಿ, ಸಂಸತ್ತು ಮತದಾನದ ವಯಸ್ಸನ್ನು 21ರಿಂದ 18ಕ್ಕೆ ಇಳಿಸಿತು. ನಮ್ಮ ಕಾಲೇಜು ವಿದ್ಯಾರ್ಥಿನಿಯರು ನಮೂನೆ 6ರಲ್ಲಿ ತಮ್ಮ ಹೆಸರು ಬರೆಯುವುದು ಆ ತಿದ್ದುಪಡಿಯಂತೆಯೇ.