ಆನೆ ಲಾಯದಿಂದ ಹಾಲಿವುಡ್‌ಗೆ: ಸಾಬು

ಕಡೂರು, ತರೀಕೆರೆ, ಅಜ್ಜಂಪುರದಿಂದ ಬಂದ ನಮ್ಮ ಹಾಸ್ಟೆಲ್ ಹುಡುಗರಿಗೆ ಆನೆ ಅಂದ್ರೆ ಲಕ್ಕವಳ್ಳಿ ಸಫಾರಿ, ಒಂದಷ್ಟು ಫೋಟೋ. ಆದ್ರೆ ಆನೆ ಹತ್ತಿಕೊಂಡೇ ಹಾಲಿವುಡ್ ಮುಟ್ಟಿದ ಹುಡುಗ ನಮ್ಮ ರಾಜ್ಯದಲ್ಲೇ ಹುಟ್ಟಿದ್ದ.

ಸಾಬು 1924ರಲ್ಲಿ ಹುಟ್ಟಿದ್ದು ಮೈಸೂರು ಸೀಮೆಯ ಕಾರಾಪುರದಲ್ಲಿ, ಕಬಿನಿ ಕಾಡಿನ ಅಂಚಿನಲ್ಲಿ. ಅಪ್ಪ ಮಹಾರಾಜರ ಆನೆಗಳ ಮಾವುತ. ಅಪ್ಪ ತೀರಿಕೊಂಡ ಮೇಲೆ ಹುಡುಗ ಬೆಳೆದದ್ದು ಅರಮನೆಯ ಆನೆ ಲಾಯದಲ್ಲಿ. ಸಿನಿಮಾ ತೆಗೆಯೋಕೆ ಮೈಸೂರಿಗೆ ಬಂದ ರಾಬರ್ಟ್ ಫ್ಲಾಹರ್ಟಿ ತಂಡದ ಕಣ್ಣಿಗೆ ಬಿದ್ದ. 1937ರಲ್ಲಿ 'ಎಲಿಫೆಂಟ್ ಬಾಯ್' ತೆರೆಕಂಡಾಗ ಅವನಿಗೆ ಹದಿಮೂರು ವರ್ಷ. ಅಷ್ಟರಲ್ಲಿ ಇಂಗ್ಲೆಂಡ್ ಸೇರಿದ್ದ.

ಆಮೇಲೆ 'ದಿ ಥೀಫ್ ಆಫ್ ಬಾಗ್ದಾದ್' (1940). ನಮ್ಮ ಫೆಸ್ಟ್ ವಿಡಿಯೋಗೆ ಹಸಿರು ಬಟ್ಟೆ ಕಟ್ಟಿ ಹಿನ್ನೆಲೆ ಬದಲಾಯಿಸ್ತೀವಲ್ಲ, ಆ ತಂತ್ರದ ಅಜ್ಜ ನೀಲಿ ಪರದೆ. ಅದನ್ನ ದೊಡ್ಡ ಮಟ್ಟದಲ್ಲಿ ಬಳಸಿದ ಮೊದಲ ಚಿತ್ರಗಳಲ್ಲಿ ಇದೂ ಒಂದು; ಸ್ಪೆಷಲ್ ಎಫೆಕ್ಟ್‌ಗೆ ಆಸ್ಕರ್ ಬಂತು. ನಡುವೆ ಯುದ್ಧ ಶುರುವಾಗಿ ಚಿತ್ರೀಕರಣ ಅಮೆರಿಕಕ್ಕೆ ಹೋಯ್ತು. ಜೊತೆಗೆ ಸಾಬೂನೂ ಹೋದ, ಅಲ್ಲೇ ಉಳಿದ. 1942ರಲ್ಲಿ 'ಜಂಗಲ್ ಬುಕ್'ನ ಮೌಗ್ಲಿಯಾದ.

1944ರಲ್ಲಿ ಅಮೆರಿಕದ ಪೌರತ್ವ ಪಡೆದು ಅಲ್ಲಿನ ವಾಯುಪಡೆ ಸೇರಿದ. ಬಿ-24 ಬಾಂಬರ್‌ನ ಬಾಲದಲ್ಲಿ ಕೂತು ಗನ್ ಹಿಡಿದ, ಶೌರ್ಯ ಪದಕವನ್ನೂ ಪಡೆದ. ಇದು ನನಗೆ ಮೌಗ್ಲಿಗಿಂತ ದೊಡ್ಡ ಪಾತ್ರ ಅನ್ಸುತ್ತೆ.

ವಾಪಸ್ ಬಂದು 'ಬ್ಲ್ಯಾಕ್ ನಾರ್ಸಿಸಸ್' (1947) ಮಾಡಿದ. ಅಲ್ಲಿಂದ ಇಳಿಜಾರು. ಸಾಬು ದೊಡ್ಡವನಾಗಿದ್ದ, ಆದ್ರೆ ಹಾಲಿವುಡ್‌ಗೆ ಬೇಕಿದ್ದದ್ದು ಪಂಚೆ, ಪೇಟದ ಕಾಡು ಹುಡುಗನೇ. ಲಂಡನ್ನಿನ ಸರ್ಕಸ್‌ನಲ್ಲಿ ಮತ್ತೆ ಆನೆಗಳ ಜೊತೆ ನಿಂತ. ಟಿವಿ ಸರಣಿಗೆ ಅಂತ ತೆಗೆದ ಕಂತುಗಳನ್ನ ಜೋಡಿಸಿ 1957ರಲ್ಲಿ 'ಸಾಬು ಅಂಡ್ ದಿ ಮ್ಯಾಜಿಕ್ ರಿಂಗ್' ಅಂತ ಸಿನಿಮಾ ಬಿಟ್ಟರು. ಮೂವತ್ತಮೂರರ ಹರೆಯದಲ್ಲೂ ಲಾಯದ ಹುಡುಗನ ಪಾತ್ರವೇ!

ಮೆಹಬೂಬ್ ಖಾನ್ 'ಮದರ್ ಇಂಡಿಯಾ'ದ ಬಿರ್ಜು ಪಾತ್ರಕ್ಕೆ ಮೊದಲು ಯೋಚಿಸಿದ್ದು ಸಾಬೂನನ್ನೇ. ಆದ್ರೆ ಅವನೀಗ ಅಮೆರಿಕದ ಪ್ರಜೆ, ಇಲ್ಲಿ ಕೆಲಸ ಮಾಡೋಕೆ ಪರ್ಮಿಟ್ ಸಿಗಲಿಲ್ಲ. ಪಾತ್ರ ಸುನಿಲ್ ದತ್ ಪಾಲಾಯ್ತು. ಹುಟ್ಟಿದ ನೆಲದ ಒಂದೇ ಒಂದು ಭಾರತೀಯ ಸಿನಿಮಾನೂ ಅವನ ಪಟ್ಟಿಯಲ್ಲಿಲ್ಲ.

1963ರ ಡಿಸೆಂಬರ್ 2ರಂದು ಹೃದಯಾಘಾತದಿಂದ ತೀರಿಕೊಂಡ, ವಯಸ್ಸು ಬರೀ ಮೂವತ್ತೊಂಬತ್ತು. ಕೊನೆಯ ಚಿತ್ರ 'ಎ ಟೈಗರ್ ವಾಕ್ಸ್' ಮುಂದಿನ ವರ್ಷ ಬಿಡುಗಡೆಯಾಯ್ತು. ಅದರಲ್ಲಿ ಅವನು ಹುಲಿ ನೋಡಿಕೊಳ್ಳುವವನು.