ಸ್ವಿಚ್ ಆಫ್ ಆದಮೇಲೂ ಹೊಡೆಯುವ ಕರೆಂಟು: ಫ್ರಾಂಕ್ಲಿನ್ ತಿಂದ ಶಾಕ್

ಅಮೆರಿಕದ ನೂರು ಡಾಲರ್ ನೋಟಿನ ಮೇಲಿರೋ ಮುಖ ಬೆಂಜಮಿನ್ ಫ್ರಾಂಕ್ಲಿನ್ ಅವರದು. ಗಾಳಿಪಟದ ಕಥೆ ನಾವೆಲ್ಲ ಹೈಸ್ಕೂಲಿನಲ್ಲೇ ಓದೀವಿ. ಅದಕ್ಕಿಂತ ಮೊದಲು ಅವರು ತಿಂದ ಶಾಕಿನ ಕಥೆ ಬಹಳ ಜನಕ್ಕೆ ಗೊತ್ತಿಲ್ಲ.

ಹುಟ್ಟಿದ್ದು 1706ರ ಜನವರಿ 17ರಂದು, ಬಾಸ್ಟನ್‌ನಲ್ಲಿ. ತಂದೆ ಸಾಬೂನು, ಮೇಣದಬತ್ತಿ ಮಾಡುತ್ತಿದ್ದರು. ಹತ್ತನೇ ವಯಸ್ಸಿಗೆ ಶಾಲೆ ಮುಗೀತು, ಹನ್ನೆರಡಕ್ಕೆ ಅಣ್ಣನ ಪ್ರೆಸ್ಸಿನಲ್ಲಿ ಕೆಲಸ. ಹದಿನೇಳಕ್ಕೆ ಫಿಲಡೆಲ್ಫಿಯಾಕ್ಕೆ ಓಡಿಹೋಗಿ, ಮುಂದೆ ದೊಡ್ಡ ಮುದ್ರಕರಾದರು. ವಿದ್ಯುತ್ತಿನ ಹುಚ್ಚು ಹತ್ತಿದ್ದು ನಲವತ್ತರ ಹೊತ್ತಿಗೆ. ನಾವು ದಿನಾ ಬಳಸೋ ಪ್ಲಸ್, ಮೈನಸ್ ಚಾರ್ಜಿನ ಹೆಸರು ಅವರು ಕೊಟ್ಟದ್ದೇ.

ಆಗ ಗಾಜು ಉಜ್ಜಿ ಹುಟ್ಟಿಸಿದ ಚಾರ್ಜನ್ನು ಲೇಡನ್ ಜಾಡಿಯಲ್ಲಿ ತುಂಬಿಡುತ್ತಿದ್ದರು. ಒಳಗೂ ಹೊರಗೂ ಲೋಹ, ನಡುವೆ ಗಾಜು. ನಮ್ಮ ಕೆಪಾಸಿಟರಿನ ಮುತ್ತಜ್ಜ ಅನ್ನಿ. 1750ರ ಡಿಸೆಂಬರ್ 23ರಂದು ಫ್ರಾಂಕ್ಲಿನ್ ಎರಡು ದೊಡ್ಡ ಜಾಡಿ ಚಾರ್ಜ್ ಮಾಡಿ, ಟರ್ಕಿ ಕೋಳಿಯೊಂದನ್ನು ಶಾಕಿನಿಂದ ಕೊಲ್ಲಲು ಹೊರಟಿದ್ದರು. ಸುತ್ತ ನಿಂತವರು ಮಾತಾಡುತ್ತಿದ್ದರು, ಗಮನ ತಪ್ಪಿತು. ಒಂದು ಕೈ ಜಾಡಿಗಳ ಮೇಲಿನ ತಂತಿಗೆ ತಾಗಿತು, ಇನ್ನೊಂದು ಕೈಯಲ್ಲಿ ಹೊರಮೈಗೆ ಜೋಡಿಸಿದ ಸರಪಳಿ ಇತ್ತು. ಚಾರ್ಜೆಲ್ಲ ಎದೆಯ ಮೂಲಕ ಹಾದುಹೋಯಿತು. ನೋಡಿದವರಿಗೆ ದೊಡ್ಡ ಬೆಳಕು, ಪಿಸ್ತೂಲಿನಂಥ ಸದ್ದು. ಅವರಿಗೆ ಮಾತ್ರ ಎರಡೂ ತಿಳಿಯಲಿಲ್ಲ. ಮರುದಿನ ಬೆಳಗಿನವರೆಗೂ ತೋಳು ಜೋಮು ಹಿಡಿದಿತ್ತು.

ಎರಡು ದಿನ ಬಿಟ್ಟು ಇದನ್ನೆಲ್ಲ ಪತ್ರದಲ್ಲಿ ಬರೆದರು. ಇಂಥದೇ ಪ್ರಯೋಗ ಮಾಡುತ್ತಿದ್ದ ಗೆಳೆಯನಿಗೆ ಎಚ್ಚರಿಕೆಯಾಗಿ ತಿಳಿಸಿರಿ, ಆದರೆ ಊರೆಲ್ಲ ಹೇಳಬೇಡಿ, ನಾಚಿಕೆ ಆಗುತ್ತದೆ ಅಂತ ಕೇಳಿಕೊಂಡರು. ನಾಚಿಕೆ ನುಂಗಿಕೊಂಡು ಒಬ್ಬರಿಗಾದರೂ ಹೇಳಿದರಲ್ಲ, ಅದು ದೊಡ್ಡದು.

1752ರ ಗಾಳಿಪಟದ ಹೊತ್ತಿಗೆ ಪಾಠ ಕಲಿತಿದ್ದರು. ದಾರಕ್ಕೆ ರೇಷ್ಮೆ ಪಟ್ಟಿ ಕಟ್ಟಿ, ಅದು ನೆನೆಯದಂತೆ ಸೂರಿನಡಿ ನಿಂತು ಹಿಡಿದರು. ಮುಂದಿನ ವರ್ಷ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ರಿಚ್‌ಮನ್ ಎಂಬ ವಿಜ್ಞಾನಿ ಅರ್ಥಿಂಗ್ ಇಲ್ಲದ ಕಂಬಿಯಿಂದ ಸಿಡಿಲನ್ನು ಅಳೆಯಲು ಹೋಗಿ ಸತ್ತರು. ಫ್ರಾಂಕ್ಲಿನ್ ಹೇಳಿದ ಸಿಡಿಲು ತಡೆಯುವ ಕಂಬಿ ಭೂಮಿಗೆ ಇಳಿಯುತ್ತಿತ್ತು. ಅದಕ್ಕೆ ಅವರು ಪೇಟೆಂಟ್ ತಗೊಳ್ಳಲಿಲ್ಲ. 1790ರ ಏಪ್ರಿಲ್ 17ರಂದು, 84ನೇ ವಯಸ್ಸಿನಲ್ಲಿ ತೀರಿಕೊಂಡರು.

ಬೆಳಗಾವಿಯ ಲ್ಯಾಬ್ ಇರಲಿ, ಖಾನಾಪುರದ ಮನೆಯಲ್ಲಿ ಬಿಚ್ಚಿಟ್ಟ ಹಳೇ ಡಬ್ಬಾ ಟಿವಿ ಇರಲಿ, ಲೆಕ್ಕ ಒಂದೇ. ಪ್ಲಗ್ ಕಿತ್ತರೂ ಪಿಕ್ಚರ್ ಟ್ಯೂಬಿನಲ್ಲಿ ಸಾವಿರಾರು ವೋಲ್ಟ್ ಉಳಿದಿರಬಹುದು. ಮೈಕ್ರೋವೇವ್ ಓವನ್ನಿನ ಕೆಪಾಸಿಟರ್ ಸುಮಾರು 2000 ವೋಲ್ಟಿನದು, ಪ್ರಾಣ ತೆಗೆಯಬಲ್ಲದು. ಕಲಿಸುವವರು ಪಕ್ಕದಲ್ಲಿ ಇಲ್ಲದೆ ಇವನ್ನು ಬಿಚ್ಚಲೇಬ್ಯಾಡ್ರಿ. ಮೊದಲು ಪ್ಲಗ್ ಕೀಳ್ರಿ. ಇನ್ಸುಲೇಟೆಡ್ ಹಿಡಿಕೆಯ, ತಕ್ಕ ರೆಸಿಸ್ಟರ್ ಇರುವ ಪ್ರೋಬಿನಿಂದ ಡಿಸ್ಚಾರ್ಜ್ ಮಾಡ್ರಿ. ಅಷ್ಟು ವೋಲ್ಟೇಜಿಗೆ ತಕ್ಕ ಮೀಟರಿನಿಂದ ಸೊನ್ನೆ ಆಗಿದೆಯೇ ನೋಡ್ರಿ. ಉಂಗುರ, ಕೈಗಡಿಯಾರ ತೆಗೆದಿಡ್ರಿ. ಸಾಧ್ಯವಿದ್ದಲ್ಲಿ ಒಂದೇ ಕೈಯಿಂದ ಕೆಲಸ ಮಾಡ್ರಿ, ಎದೆಗೆ ದಾರಿ ಸಿಗಬಾರದು. ಆ ಹೊತ್ತಿಗೆ ಹರಟೆ ಬೇಡ.

ಶಾಕ್ ಹೊಡೆದರೆ ಮುಚ್ಚಿಡಬ್ಯಾಡ್ರಿ. ಡಾಕ್ಟರಿಗೆ ತೋರಿಸ್ರಿ, ಆಮೇಲೆ ಮುಂದಿನ ಬ್ಯಾಚಿನವರಿಗೆ ಹೇಳ್ರಿ.